ಚಪ್ಪಾಳೆ ಇಷ್ಟವೋ, ತಾಲೀಮು ಇಷ್ಟವೋ?

ಪ್ರಶ್ನೆ: ಮೇಡಂ, ನಮ್ಮದು ಹಾಸನ ಜಿಲ್ಲೆಯ ಸಣ್ಣ ಊರು. ಮಗಳು ದ್ವಿತೀಯ ಪಿಯುಸಿ ಕಾಮರ್ಸ್. ಐದನೇ ಕ್ಲಾಸಿನಿಂದಲೂ ಪ್ರತಿಭಾ ಕಾರಂಜಿ, ಗಣೇಶನ ಪೆಂಡಾಲು, ಕಾಲೇಜ್ ಡೇ, ಎಲ್ಲಿ ಸ್ಟೇಜ್ ಕಂಡರೂ ಹತ್ತುತ್ತಾಳೆ. ಈಗ ನಾಟಕವನ್ನೇ ಓದುತ್ತೇನೆ ಎಂದು ಹಟ. ಅವರಪ್ಪ ‘ಬಿ.ಕಾಂ. ಮಾಡು, ಬ್ಯಾಂಕ್ ಪರೀಕ್ಷೆ ಕಟ್ಟು, ನಾಟಕ ಭಾನುವಾರ ಆಡ್ಕೊ’ ಅನ್ನುತ್ತಾರೆ. ಹದಿನೈದು ದಿನದಿಂದ ಅಪ್ಪ ಮಗಳಿಗೆ ಮಾತಿಲ್ಲ. ಅವಳು ನನಗೆ ಮೂರು ದಾರಿ ಬರೆದುಕೊಟ್ಟಿದ್ದಾಳೆ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯದಲ್ಲಿ ನಾಟಕದ ಡಿಗ್ರಿ, ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ಕೋರ್ಸ್, ಇಲ್ಲದಿದ್ದರೆ ಬೆಂಗಳೂರಿನ ಒಂದು ಖಾಸಗಿ ಕಾಲೇಜು. ಆ ಕಾಲೇಜಿನ ಫೀಸು ಕೇಳಿ ನನಗೆ ಎದೆ ಧಸಕ್ ಅಂತು. ನಡುನಡುವೆ ದೆಹಲಿಯ ಎನ್‌ಎಸ್‌ಡಿ ಹೆಸರೂ ಹೇಳುತ್ತಾಳೆ. ನನಗೆ ಇದರ ತಲೆಬುಡ ಗೊತ್ತಿಲ್ಲ. ಯಾವುದು ಒಳ್ಳೆಯದು? ಹೆಣ್ಣುಮಗು, ಹಾಸ್ಟೆಲ್ ಅಂದರೆ ಭಯವೂ ಇದೆ.
— ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ತಾಯಿ, ‘ಮಗಳ ತಲೆಯಿಂದ ಈ ನಾಟಕದ ಹುಚ್ಚು ಬಿಡಿಸುವುದು ಹೇಗೆ’ ಎಂದು ಕೇಳುವ ಕಾಗದಗಳು ನನಗೆ ಆಗಾಗ ಬರುತ್ತವೆ. ‘ಯಾವುದು ಒಳ್ಳೆಯದು’ ಎಂದು ಕೇಳುವ ತಾಯಂದಿರು ಕಡಿಮೆ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಮಗಳು ಪುಣ್ಯವಂತೆ.

ಕಾಲೇಜಿನ ಮಾತಿಗೆ ಮೊದಲು ಒಂದು ಸಣ್ಣ ಪರೀಕ್ಷೆ ಇದೆ. ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಈ ಬೇಸಿಗೆಯಲ್ಲೇ ಅದನ್ನು ಮಾಡಿಸಿ. ನಿಮ್ಮ ಊರಿನ ಹತ್ತಿರ ಯಾವುದಾದರೂ ತಂಡ ನಾಟಕ ಕಟ್ಟುತ್ತಿದ್ದರೆ ಅಲ್ಲಿಗೆ ಮಗಳನ್ನು ಕಳಿಸಿ. ಆದರೆ ಪಾತ್ರ ಮಾಡುವುದಕ್ಕಲ್ಲ. ಪ್ರಾಂಪ್ಟ್ ಮಾಡಲಿ, ಅಂದರೆ ಮಾತು ಮರೆತವರಿಗೆ ಮರೆಯಿಂದ ಹೇಳಿಕೊಡಲಿ, ಬಟ್ಟೆ ಇಸ್ತ್ರಿ ಮಾಡಲಿ, ನಾಟಕದ ಸಾಮಾನು ಎತ್ತಿಡಲಿ. ಮೂರು ವಾರ. ಪ್ರದರ್ಶನದ ದಿನ ವೇದಿಕೆಯ ಪಕ್ಕದ ಪರದೆಯ ಹಿಂದೆ ಕತ್ತಲಲ್ಲಿ ನಿಂತಿರಲಿ. ಚಪ್ಪಾಳೆ ಬೀಳುವುದು ಬೇರೆಯವರಿಗೆ. ಮನೆಗೆ ಬಂದ ಮೇಲೆ ಅವಳ ಮುಖ ನೋಡಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ಸಂಜೆ ಮಕ್ಕಳಿಗೆ ನಾಟಕ ಮಾಡಿಸಿದವಳು. ಇಪ್ಪತ್ತಾರು ವರ್ಷ. ಒಬ್ಬ ಹುಡುಗಿ ಇದ್ದಳು, ಎಂಥಾ ಕಂಠ ಅಂತೀರಿ! ಪ್ರತಿ ವರ್ಷ ಅವಳೇ ನಾಯಕಿ. ಒಂದು ವರ್ಷ ಬೇರೆಯವಳಿಗೂ ಅವಕಾಶ ಸಿಗಲಿ ಎಂದು ಇವಳಿಗೆ ಪ್ರಾಂಪ್ಟ್ ಪುಸ್ತಕ ಕೊಟ್ಟೆ. ನಾಲ್ಕನೇ ದಿನದಿಂದ ಬರಲೇ ಇಲ್ಲ. ಅದೇ ನಾಟಕದಲ್ಲಿ ಒಬ್ಬ ಹುಡುಗನಿಗೆ ದ್ವಾರಪಾಲಕನ ಪಾತ್ರ, ಒಂದೇ ಮಾತು. ಅವನು ದಿನಾ ಎಲ್ಲರಿಗಿಂತ ಮೊದಲು ಬಂದು ಹಾಲ್ ಗುಡಿಸಿ ನೀರು ಚಿಮುಕಿಸುತ್ತಿದ್ದ. ಒಂದು ದಿನ ಅವನ ಗಣಿತದ ನೋಟ್‌ಬುಕ್ ನನ್ನ ಕೈಗೆ ಸಿಕ್ಕಿತು. ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಿಂದ ಬರೆದಿದ್ದ: ‘ರಾಜ ಕೂತ ಮೇಲೆ, ಮೂರು ಎಣಿಸಿ, ಎಡಗಡೆ ದೀಪ.’ ‘ಅಮ್ಮ ಅಳುವಾಗ ಬಿಳಿ ಬೇಡ, ಹಳದಿ.’ ಯಾರೂ ಹೇಳಿಕೊಟ್ಟಿರಲಿಲ್ಲ. ಇಡೀ ನಾಟಕಕ್ಕೆ ಬೆಳಕು ಬರೆದಿದ್ದ. ಇವತ್ತು ಅವನು ಊರೂರು ಸುತ್ತಿ ನಾಟಕಗಳಿಗೆ ಬೆಳಕು ಮಾಡುತ್ತಾನೆ, ಅದರಿಂದಲೇ ಮನೆ ನಡೆಸುತ್ತಾನೆ.

ಆ ಹುಡುಗಿ ತಪ್ಪು ಮಾಡಿದಳು ಅಂತ ನಾನು ಹೇಳುತ್ತಿಲ್ಲ. ಅವಳಿಗೆ ವೇದಿಕೆ ಇಷ್ಟ ಇತ್ತು, ತಾಲೀಮು ಇಷ್ಟ ಇರಲಿಲ್ಲ, ಅಷ್ಟೆ. ವೇದಿಕೆ ಮಾತ್ರ ಇಷ್ಟ ಇರುವವರು ಭಾನುವಾರ ನಾಟಕ ಆಡಿಕೊಂಡು ತುಂಬಾ ಸಂತೋಷವಾಗಿರಬಹುದು. ತಾಲೀಮು ಇಷ್ಟ ಇರುವವರು ಮಾತ್ರ ನಾಟಕವನ್ನು ಓದಬೇಕು. ನಾಟಕದ ಶಾಲೆಯಲ್ಲಿ ಒಂದು ಗಂಟೆ ಪ್ರದರ್ಶನಕ್ಕೆ ನೂರು ಗಂಟೆ ತಾಲೀಮು ಇರುತ್ತದೆ. ಒಂದೇ ಸಾಲನ್ನು ನಲವತ್ತು ಸಲ ಹೇಳಿಸುತ್ತಾರೆ. ಬೆಳಿಗ್ಗೆ ಎದ್ದು ನೆಲದ ಮೇಲೆ ಮಲಗಿ ಉಸಿರಿನ ಅಭ್ಯಾಸ, ಮಧ್ಯಾಹ್ನ ರಂಗ ಇತಿಹಾಸದ ಪಾಠ, ಸಂಜೆ ಸೆಟ್ಟಿಗೆ ಮೊಳೆ ಹೊಡೆಯುವುದು. ಅದರಲ್ಲಿ ಅವಳಿಗೆ ಖುಷಿ ಸಿಗುತ್ತಾ ನೋಡಿ.

ಖುಷಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಈಗ ಅವಳ ಪಟ್ಟಿಗೆ ಬರುತ್ತೇನೆ.

ಅವಳು ಹೇಳುವ ಎನ್‌ಎಸ್‌ಡಿ, ಅಂದರೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಈಗ ಪಕ್ಕಕ್ಕಿಡಿ. 1959ರಲ್ಲಿ ಶುರುವಾದ ದೊಡ್ಡ ಸಂಸ್ಥೆ, ಮೂರು ವರ್ಷದ ಕೋರ್ಸ್. ಅಲ್ಲಿ ಸೇರಲು ಮೊದಲು ಯಾವುದಾದರೂ ಒಂದು ಡಿಗ್ರಿ ಆಗಿರಬೇಕು, ನಾಲ್ಕಾರು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಇರಬೇಕು. ಹಿಂದಿ, ಇಂಗ್ಲಿಷ್ ಅರ್ಥ ಆಗಬೇಕು. ಇಡೀ ದೇಶದಿಂದ ಅರ್ಜಿ ಬರುತ್ತದೆ, ಸೀಟು ಕೆಲವೇ ಕೆಲವು. ಪಿಯುಸಿ ಮುಗಿಸಿದ ಮಗುವಿಗೆ ಅದು ಈಗಿನ ಬಾಗಿಲಲ್ಲ. ಆದರೆ ಈ ವಿಷಯವನ್ನು ಮನೆಯಲ್ಲಿ ಇಬ್ಬರಿಗೂ ಹೇಳಿ. ಅಪ್ಪ ಕೇಳುತ್ತಿರುವುದು ಡಿಗ್ರಿ. ಮಗಳ ಕನಸು ದೆಹಲಿ. ಎರಡಕ್ಕೂ ಬೇಕಾಗಿರುವುದು ಒಂದೇ ಕಾಗದ! ನಿಮ್ಮ ಮನೆಯ ಅರ್ಧ ಜಗಳ ಇಲ್ಲೇ ಕರಗಬೇಕು.

ದೊಡ್ಡ ರಂಗನಿರ್ದೇಶಕ ಬಿ.ವಿ. ಕಾರಂತರ ಕತೆ ಮಗಳಿಗೆ ಹೇಳಿ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ, ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಕಂಪನಿಯ ಮಾಲೀಕ ಗುಬ್ಬಿ ವೀರಣ್ಣನವರು ಹುಡುಗನ ಕೈಯಲ್ಲಿ ಪ್ರತಿಭೆ ಇದೆ, ಇಲ್ಲೇ ಇರಲಿ ಅನ್ನಲಿಲ್ಲ. ಓದಲು ಕಾಶಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿ ಎಂ.ಎ. ಮಾಡಿ, ಆಮೇಲೆ ದೆಹಲಿಯ ನಾಟಕ ಶಾಲೆ ಸೇರಿದರು. ಮುಂದೆ ಅದೇ ಶಾಲೆಗೆ ನಿರ್ದೇಶಕರಾದರು. ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದರು. ಓದಿನಿಂದ ಅವರ ನಾಟಕ ಒಂದು ಚೂರೂ ಬಡವಾಗಲಿಲ್ಲ.

ಬೆಂಗಳೂರಿನ ಖಾಸಗಿ ಕಾಲೇಜಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನಾಟಕ ಎನ್ನುವುದು ಇಂಗ್ಲಿಷ್, ಸೈಕಾಲಜಿ ಇವುಗಳ ಜೊತೆ ಇರುವ ಒಂದು ಸಬ್ಜೆಕ್ಟ್. ಇಂಗ್ಲಿಷಿನಲ್ಲಿ ಬೆಳೆದ ನಗರದ ಮಕ್ಕಳಿಗೆ ಅದು ಚೆನ್ನಾಗಿ ಒಗ್ಗಬಹುದು. ನಿಮ್ಮ ಮಗಳ ಶಕ್ತಿ ಇರುವುದು ಅವಳ ಕನ್ನಡದಲ್ಲಿ. ಆ ಕಾಲೇಜಿಗೋಸ್ಕರ ಸಾಲ ಮಾಡಬೇಡಿ. ನಾಟಕದ ಓದಿಗೆ ಬ್ಯಾಂಕ್ ಸಾಲ ಮಾಡಿದ ಮಗು, ಓದು ಮುಗಿದ ತಕ್ಷಣ ಕಂತು ಕಟ್ಟಲು ಸಿಕ್ಕಿದ ಕೆಲಸಕ್ಕೆ ಹೋಗಬೇಕಾಗುತ್ತದೆ. ನಾಟಕ ಅಲ್ಲೇ ನಿಂತುಹೋಗುತ್ತದೆ.

ಹೆಗ್ಗೋಡು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾಗರದ ಹತ್ತಿರದ ಅಡಿಕೆ ತೋಟಗಳ ಹಳ್ಳಿ. ನೀನಾಸಂ 1949ರಲ್ಲಿ ಊರಿನವರೇ ಕಟ್ಟಿದ ಸಂಘ. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದರು, 1985ರಿಂದ ‘ತಿರುಗಾಟ’ ಎಂಬ ತಂಡ ನಾಟಕಗಳನ್ನು ಹೊತ್ತು ಊರೂರಿಗೆ ಹೋಗುತ್ತಿದೆ. ಪ್ರತಿ ವರ್ಷ ಒಂದು ಸಣ್ಣ ತಂಡ ಮಕ್ಕಳು ಅಲ್ಲೇ ಇದ್ದು, ಅಲ್ಲೇ ಉಂಡು, ದಿನವಿಡೀ ನಾಟಕ ಕಲಿಯುತ್ತಾರೆ. ಕನ್ನಡದಲ್ಲಿ ಕಲಿಯುತ್ತಾರೆ, ಅದು ದೊಡ್ಡ ವಿಷಯ. ಶೇಕ್ಸ್‌ಪಿಯರ್, ಕಾಳಿದಾಸ, ಕುವೆಂಪು ಎಲ್ಲರೂ ಒಂದೇ ಅಂಗಳದಲ್ಲಿ ಸಿಗುತ್ತಾರೆ. ನಿಮ್ಮ ಮಗಳು ಅಲ್ಲಿಗೆ ಹೋಗಲೇಬೇಕು. ಆದರೆ ಹದಿನೆಂಟಕ್ಕೆ ಬೇಡ, ಇಪ್ಪತ್ತೊಂದಕ್ಕೆ ಹೋಗಲಿ ಅನ್ನುವುದು ನನ್ನ ಮನಸ್ಸು. ಒಂದೇ ವರ್ಷ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆ ವರ್ಷದಲ್ಲಿ ಸುರಿಯುವುದನ್ನೆಲ್ಲ ಹಿಡಿದುಕೊಳ್ಳಲು ಕೈಯಲ್ಲಿ ಒಂದು ಪಾತ್ರೆ ಬೇಕು. ನಾಲ್ಕು ಕಾದಂಬರಿ ಓದಿರಬೇಕು, ನಾಲ್ಕು ಊರು ನೋಡಿರಬೇಕು, ಒಬ್ಬಳೇ ಬಸ್ ಹತ್ತಿ ಇಳಿದಿರಬೇಕು. ಇನ್ನೊಂದು ವಿಷಯ, ಒಂದು ವರ್ಷದ ಡಿಪ್ಲೊಮಾ ಡಿಗ್ರಿಗೆ ಸಮ ಅಲ್ಲ. ನಾಳೆ ಬಿ.ಎಡ್., ಎಂ.ಎ., ಸರ್ಕಾರಿ ಪರೀಕ್ಷೆ, ಎಲ್ಲಿಗೆ ಹೋದರೂ ಡಿಗ್ರಿ ಕೇಳುತ್ತಾರೆ.

ಹಾಗಾದರೆ ಮೈಸೂರು. ನನ್ನ ಓಟು ಮೈಸೂರಿಗೆ. ಅಲ್ಲಿಯ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಸಂಗೀತ, ನೃತ್ಯದ ಹಾಗೆ ನಾಟಕದಲ್ಲೂ ಡಿಗ್ರಿ ಇದೆ. ಅದೇ ಆಗಬೇಕು ಅಂತಲೂ ಇಲ್ಲ. ಮೈಸೂರಿನ ಒಂದು ಒಳ್ಳೆಯ ಕಾಲೇಜಿನಲ್ಲಿ ಬಿ.ಎ. ಅಥವಾ ಬಿ.ಕಾಂ. ಸೇರಿ, ಸಂಜೆ ಒಂದು ಹವ್ಯಾಸಿ ತಂಡಕ್ಕೆ ಹೋದರೂ ಆಯಿತು. ನಾನು ಆರಿಸಲು ಹೇಳುತ್ತಿರುವುದು ಊರನ್ನು. ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ವಾರದ ಕೊನೆಗೆ ನಾಟಕ ಇರುತ್ತದೆ. ವರ್ಷಕ್ಕೊಮ್ಮೆ ‘ಬಹುರೂಪಿ’ ಉತ್ಸವಕ್ಕೆ ಬೇರೆ ಬೇರೆ ರಾಜ್ಯದ, ಬೇರೆ ಬೇರೆ ಭಾಷೆಯ ತಂಡಗಳು ಬರುತ್ತವೆ. ಮಂಡ್ಯ ರಮೇಶ್ ಅವರ ‘ನಟನ’ದಂಥ ತಂಡಗಳಿವೆ. ವಾರಕ್ಕೆ ಒಂದು ನಾಟಕ ನೋಡಿದರೂ ಮೂರು ವರ್ಷದಲ್ಲಿ ನೂರೈವತ್ತು ನಾಟಕ. ಅಷ್ಟು ನಾಟಕ ಯಾವ ಸಿಲೆಬಸ್ಸಿನಲ್ಲೂ ಇಲ್ಲ. ಹಾಸನದಿಂದ ರೈಲಿದೆ, ಬಸ್ಸಿದೆ, ನೀವು ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಸೇರಿಸುವ ಮೊದಲು ಒಂದು ಪೂರ್ತಿ ದಿನ ಅಲ್ಲಿ ಕಳೆಯಿರಿ. ಆಫೀಸಿನಲ್ಲಿ ಕೊಡುವ ಬಣ್ಣದ ಪುಸ್ತಕ ನೋಡಿ ಬರಬೇಡಿ. ತಾಲೀಮು ನಡೆಯುವ ಕೋಣೆಗೆ ಹೋಗಿ ನೆಲ ನೋಡಿ. ನೆಲ ಒರೆಸಿದೆಯಾ, ಮಕ್ಕಳು ಚಪ್ಪಲಿ ಹೊರಗೆ ಬಿಟ್ಟಿದ್ದಾರಾ? ತಾಲೀಮಿನ ಮೇಲೆ ಗೌರವ ಇರುವ ಜಾಗದಲ್ಲಿ ಇದು ತಾನಾಗಿ ಇರುತ್ತದೆ. ಹೋದ ವರ್ಷ ಎಷ್ಟು ನಾಟಕ ಮಾಡಿಸಿದಿರಿ, ಯಾರು ಮಾಡಿಸಿದರು ಎಂದು ಕೇಳಿ. ಪಾಠ ಮಾಡುವವರು ಈಗಲೂ ನಾಟಕ ಮಾಡುತ್ತಿದ್ದಾರಾ, ಕೇಳಿ. ಲೈಬ್ರರಿಯಿಂದ ಒಂದು ನಾಟಕದ ಪುಸ್ತಕ ತೆಗೆದು ಹಿಂದಿನ ಚೀಟಿಯಲ್ಲಿ ಕೊನೆಯ ತಾರೀಖು ಯಾವುದು ನೋಡಿ. ಸಾಧ್ಯವಾದರೆ ವಿದ್ಯಾರ್ಥಿಗಳ ನಾಟಕವನ್ನೇ ನೋಡಿ. ಮುಖ್ಯ ಪಾತ್ರದವರನ್ನು ಬಿಡಿ, ಗುಂಪಿನಲ್ಲಿ ನಿಂತ ಮಕ್ಕಳ ಕಣ್ಣು ನೋಡಿ. ಅವರು ಕೇಳಿಸಿಕೊಳ್ಳುತ್ತಿದ್ದರೆ ಕಲಿಸುವವರು ಒಳ್ಳೆಯವರು.

ಇನ್ನು ನಿಮ್ಮ ಭಯ. ಅದನ್ನು ‘ಸುಮ್ನೆ ಹೆದರಬೇಡಿ’ ಎಂದು ತಳ್ಳಿಹಾಕುವುದಿಲ್ಲ. ನನಗೆ ಇಪ್ಪತ್ತಮೂರು ವರ್ಷ ಇದ್ದಾಗ ಒಂದು ತಂಡದ ಜೊತೆ ಹೊರಟಿದ್ದೆ. ಹೆಸರು ಬೇಡ. ಒಂದು ಊರಲ್ಲಿ ಪ್ರದರ್ಶನ ಮುಗಿದಾಗ ರಾತ್ರಿ ಒಂದು ಗಂಟೆ. ಉಳಿಯುವ ವ್ಯವಸ್ಥೆಯನ್ನೇ ಮಾಡಿರಲಿಲ್ಲ. ಮೂರು ಜನ ಹುಡುಗಿಯರು ಶಾಲೆಯ ಜಗುಲಿಯ ಮೇಲೆ, ಸೀನಿನ ಪರದೆ ಹೊದ್ದುಕೊಂಡು, ಬೆಳಗಾಗುವವರೆಗೆ ಎದ್ದು ಕೂತಿದ್ದೆವು. ಆ ಪರದೆಯ ಬಣ್ಣದ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಅದಕ್ಕೇ ಹೇಳುತ್ತೇನೆ, ಪ್ರಶ್ನೆ ಕೇಳಲು ಸಂಕೋಚ ಬೇಡ. ರಿಹರ್ಸಲ್ ಎಷ್ಟು ಗಂಟೆಗೆ ಮುಗಿಯುತ್ತದೆ, ಆಮೇಲೆ ಹಾಸ್ಟೆಲಿಗೆ ಯಾರು ಬಿಡುತ್ತಾರೆ, ಹೊರಗೆ ಶೋ ಇದ್ದಾಗ ಜೊತೆಗೆ ಹೆಂಗಸರು ಯಾರು ಬರುತ್ತಾರೆ? ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಆಂತರಿಕ ದೂರು ಸಮಿತಿ ಇರಬೇಕು. ಅದರಲ್ಲಿ ಇರುವವರ ಹೆಸರು, ಫೋನ್ ನಂಬರ್ ಗೋಡೆಯ ಮೇಲೆ ಇದೆಯಾ ನೋಡಿ. ಹುಡುಗಿಯರ ಗ್ರೀನ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ ನೋಡಿ. ಸೀನಿಯರ್ ಹುಡುಗಿಯರಿಗೆ ಕ್ಯಾಂಟೀನಿನಲ್ಲಿ ಟೀ ಕುಡಿಸಿ, ಮೇಷ್ಟ್ರುಗಳು ಇಲ್ಲದ ಹೊತ್ತಿನಲ್ಲಿ ಮಾತಾಡಿಸಿ. ಅಭಿನಯದ ಪಾಠದಲ್ಲಿ ಮೈ ಮುಟ್ಟಿ ತಿದ್ದಬೇಕಾಗುತ್ತದೆ, ಅದು ಈ ವಿದ್ಯೆಯ ಭಾಗ. ಒಳ್ಳೆಯ ಮೇಷ್ಟ್ರು ಮೊದಲು ಹೇಳಿ, ಕೇಳಿ, ಆಮೇಲೆ ಮುಟ್ಟುತ್ತಾರೆ. ಮಗಳಿಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಬೇಡ ಅನ್ನಿಸಿದರೆ ಬೇಡ ಅನ್ನಬಹುದು, ಅದರಿಂದ ಪಾತ್ರ ಹೋದರೆ ಹೋಗಲಿ ಎಂದೂ ಹೇಳಿ.

ದುಡ್ಡಿನ ವಿಷಯ ಅವರಪ್ಪ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಬರೀ ರಂಗದ ಮೇಲಿನ ನಟನೆಯಿಂದ ಸಂಸಾರ ನಡೆಸುವವರು ಕಡಿಮೆ. ರೆಪರ್ಟರಿಯಲ್ಲಿ, ಅಂದರೆ ಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಂಡು ನಾಟಕ ಆಡುವ ತಂಡದಲ್ಲಿ, ಊಟ, ವಸತಿ, ಸಣ್ಣ ಸಂಬಳ ಸಿಗುತ್ತದೆ. ಆದರೆ ನಾಟಕ ಕಲಿತವರಿಗೆ ಅದರ ಸುತ್ತ ಕೆಲಸ ಇದೆ. ಶಾಲೆಗಳಲ್ಲಿ ನಾಟಕ ಕಲಿಸುವುದು, ಬೇಸಿಗೆ ಶಿಬಿರ, ಡಬ್ಬಿಂಗ್, ಧಾರಾವಾಹಿ, ವಸ್ತ್ರವಿನ್ಯಾಸ, ಬೆಳಕು, ಬರವಣಿಗೆ. ಮೂರ್ನಾಲ್ಕನ್ನು ಸೇರಿಸಿ ಬದುಕು ಕಟ್ಟಿಕೊಳ್ಳುತ್ತಾರೆ. ನನ್ನನ್ನೇ ನೋಡಿ. ಆ ತಂಡದಲ್ಲಿ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಊರಿಗೆ ಬಂದೆ. ಕೈಯಲ್ಲಿ ಬಿ.ಎ. ಇತ್ತು, ಬಿ.ಎಡ್. ಮಾಡಿದೆ, ಮೇಷ್ಟ್ರ ಕೆಲಸ ಸಿಕ್ಕಿತು. ಅದರ ಆಸರೆಯಲ್ಲೇ ಇಪ್ಪತ್ತಾರು ವರ್ಷ ನಾಟಕ ಮಾಡಿಸಿದೆ. ಡಿಗ್ರಿ ನನ್ನನ್ನು ನಾಟಕದಿಂದ ದೂರ ಮಾಡಲಿಲ್ಲ, ನಾಟಕದ ಹತ್ತಿರವೇ ಉಳಿಸಿತು.

ಅವರಪ್ಪನನ್ನು ಎದುರಾಳಿ ಮಾಡಬೇಡಿ, ತಾಯಿ. ಅವರು ಮಗಳ ನಾಟಕವನ್ನು ಪೆಂಡಾಲಿನಲ್ಲಿ ಮಾತ್ರ ನೋಡಿರಬೇಕು, ಅಲ್ವಾ? ಒಂದು ಭಾನುವಾರ ಮೂವರೂ ಮೈಸೂರಿಗೆ ಹೋಗಿ ಒಂದು ಒಳ್ಳೆಯ ನಾಟಕ ನೋಡಿ. ಟಿಕೆಟ್ಟು ಮಗಳ ಕೈಯಲ್ಲಿ ತೆಗೆಸಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮಗಳನ್ನು ಒಂದೇ ಸೀಟಿನಲ್ಲಿ ಕೂರಿಸಿ, ನೀವು ಹಿಂದೆ ಕೂತುಕೊಳ್ಳಿ.

ಪ್ರಶ್ನೆ: ಅಕ್ಕಾರೆ, ನಾನು ಕೊಪ್ಪಳ ಜಿಲ್ಲೆಯವ. ಪಿಯುಸಿ ಪಾಸಾಗೇನಿ. ಅಪ್ಪ ಹಮಾಲಿ ಮಾಡ್ತಾನ. ಡಿಗ್ರಿಗೆ ಊರು ಬಿಟ್ಟು ಹೋಗಾಕ ರೊಕ್ಕ ಇಲ್ಲ. ಆದರ ನಾಟಕ ಬಿಟ್ಟು ಬೇರೆ ಏನೂ ತಲ್ಯಾಗ ಬರೂದಿಲ್ಲ. ನಮ್ಮ ಮಾತು ಕೇಳಿ ಅಲ್ಲಿ ನಗತಾರಂತ ಗೆಳೆಯರು ಹೆದರಸ್ತಾರ. ನಾ ಎಲ್ಲಿ ಹೋಗಲಿ?
— ಒಬ್ಬ ಹುಡುಗ, ಕೊಪ್ಪಳ ಜಿಲ್ಲೆ

ಉತ್ತರ: ತಮ್ಮಾ, ನಿನ್ನ ಕಾಗದವನ್ನು ಒಂದಕ್ಷರ ತಿದ್ದದೆ ಅಚ್ಚು ಹಾಕಲು ಹೇಳಿದ್ದೇನೆ. ಆ ಭಾಷೆ ಓದುಗರಿಗೂ ಕೇಳಲಿ.

ಮೊದಲು ನಗುವ ವಿಷಯ. ನೀನು ಬಂದ ಸೀಮೆಯಲ್ಲಿ ಏಣಗಿ ಬಾಳಪ್ಪನವರಂಥ ದೊಡ್ಡ ನಟರು ಆಗಿಹೋಗಿದ್ದಾರೆ. ನೂರು ವರ್ಷ ದಾಟಿ ಬದುಕಿದ ಅವರು, ಕೊನೆಯವರೆಗೂ ರಂಗಗೀತೆಯ ಮನುಷ್ಯ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ತಂಬು ಹೊಡೆಯುತ್ತವೆ. ರಾತ್ರಿಯಿಡೀ ಜನ ಕೂತು ನೋಡುತ್ತಾರೆ. ನಾಟಕವನ್ನು ಟಿಕೆಟ್ ಕೊಟ್ಟು ನೋಡುವ ಅಷ್ಟು ಜನ ನಮ್ಮ ಹಳೇ ಮೈಸೂರಿನ ಕಡೆ ನನಗೆ ಸಿಕ್ಕಿಲ್ಲ. ನಿನ್ನ ಮಾತು ನಿನ್ನ ಆಸ್ತಿ. ಅದನ್ನು ಕಳೆದುಕೊಳ್ಳದೆ ಇನ್ನೊಂದು ಕನ್ನಡವನ್ನೂ ಕಲಿ. ನಟನಿಗೆ ಎರಡು ಮೂರು ಕನ್ನಡ ಬರಬೇಕು. ದಿನಾ ಅರ್ಧ ಗಂಟೆ ಒಂದು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದು. ಅಕಾರ, ಹಕಾರ, ಒತ್ತಕ್ಷರ ಎಲ್ಲಿ ಜಾರುತ್ತದೆ ನಿನ್ನ ಕಿವಿಗೇ ಗೊತ್ತಾಗುತ್ತದೆ. ಮೊದಲ ವಾರ ಯಾರಾದರೂ ನಕ್ಕರೆ ನಗಲಿ. ನಿನ್ನ ಸೀಮೆಯ ನಾಟಕವೊಂದು ಕೈಗೆತ್ತಿಕೊಂಡ ದಿನ ಅವರೇ ನಿನ್ನ ಹತ್ತಿರ ಬಂದು ಮಾತು ಕಲಿಯುತ್ತಾರೆ.

ಹಾಸನದ ತಾಯಿಗೆ ಡಿಗ್ರಿ ಮೊದಲು ಎಂದು ಹೇಳಿದೆ. ನಿನಗೆ ಹಾಗೆ ಹೇಳುವುದಿಲ್ಲ. ಮೂರು ವರ್ಷ ಕಾಯುವ ಅನುಕೂಲ ಎಲ್ಲರ ಮನೆಯಲ್ಲೂ ಇರುವುದಿಲ್ಲ. ನೀನು ಒಂದು ವರ್ಷದ ತರಬೇತಿಗೆ ಅರ್ಜಿ ಹಾಕು. ಮೂರು ಕಡೆ ಹಾಕು. ಒಂದು ಹೆಗ್ಗೋಡು. ಇನ್ನೊಂದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ, ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ನಡೆಸುವ ಶಿವಕುಮಾರ ರಂಗಪ್ರಯೋಗ ಶಾಲೆ ಇದೆ, ಅವರದೇ ‘ಶಿವಸಂಚಾರ’ ತಂಡ ನಾಡೆಲ್ಲ ಸುತ್ತುತ್ತದೆ. ಮೂರನೆಯದು ಮೈಸೂರಿನ ರಂಗಾಯಣದ ರಂಗಶಿಕ್ಷಣ ಕೇಂದ್ರ. ಇವು ದುಡ್ಡು ಮಾಡಲು ಶುರುವಾದ ಜಾಗಗಳಲ್ಲ. ಫೀಸು ಎಷ್ಟು, ಊಟ ವಸತಿ ಹೇಗೆ, ವಿದ್ಯಾರ್ಥಿವೇತನ ಇದೆಯಾ, ಕಡಿಮೆ ಓದಿದ್ದರೆ ನಡೆಯುತ್ತದಾ, ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಫೋನ್ ಮಾಡು. ಮನೆಯ ಸ್ಥಿತಿ ಮುಚ್ಚಿಡಬೇಡ. ಅರ್ಜಿ ಕರೆಯುವ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ. ಬೇಸಿಗೆ ಶುರುವಾದಾಗಿನಿಂದ ಲೈಬ್ರರಿಗೆ ಹೋಗಿ ದಿನಾ ನೋಡು, ಒಂದು ದಿನ ತಪ್ಪಿದರೆ ಒಂದು ವರ್ಷ ಹೋಗುತ್ತದೆ.

ನಿನ್ನ ಹತ್ತಿರವೇ ಧಾರವಾಡದಲ್ಲಿ, ಕಲಬುರಗಿಯಲ್ಲಿ ರಂಗಾಯಣಗಳಿವೆ. ಅಲ್ಲಿ ನಡೆಯುವ ಶಿಬಿರ, ನಾಟಕ ಬಿಡಬೇಡ. ಜಾತ್ರೆಯಲ್ಲಿ ಕಂಪನಿ ಬಂದರೆ ನಾಟಕ ನೋಡಿ ಸುಮ್ಮನೆ ಬರಬೇಡ. ಮ್ಯಾನೇಜರ್ ಹತ್ತಿರ ಹೋಗಿ, ‘ಎರಡು ದಿನ ಸೀನ್ ಎಳಿತೇನಿ, ಊಟ ಹಾಕ್ರಿ’ ಅನ್ನು. ಒಂದು ನಾಟಕದ ಒಳಗನ್ನು ಅಷ್ಟು ಹತ್ತಿರದಿಂದ ಬೇರೆ ಯಾರೂ ತೋರಿಸುವುದಿಲ್ಲ.

ತರಬೇತಿ ಸೇರಿದ ಮೇಲೆ ಡಿಗ್ರಿ ಕೈಬಿಡಬೇಡ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಮುಖ್ಯವಾಗಿಟ್ಟುಕೊಂಡು ಬಿ.ಎ. ಕಟ್ಟು. ತಿರುಗಾಟದ ವ್ಯಾನಿನಲ್ಲಿ ಓದಿ ಪರೀಕ್ಷೆ ಪಾಸು ಮಾಡಿದವರನ್ನು ನಾನು ನೋಡಿದ್ದೇನೆ. ಅಪ್ಪನಿಗೆ ಇಷ್ಟು ಹೇಳು: ಮೊದಲ ಸಂಬಳ ಬಂದ ತಿಂಗಳಿಂದ ಮನೆಗೆ ಐನೂರಾದರೂ ಕಳಿಸುತ್ತೇನೆ. ಹೇಳಿದ ಮೇಲೆ ಕಳಿಸು.

ಪ್ರಶ್ನೆ: ಮೇಡಂ, ನನಗೆ ನಾಟಕ ಶಾಲೆಯ ಸಂದರ್ಶನಕ್ಕೆ ಹೋಗಬೇಕು ಅಂತ ಆಸೆ. ಅಲ್ಲಿ ಏನು ಮಾಡಿಸುತ್ತಾರೆ? ಸಿನಿಮಾ ಡೈಲಾಗ್ ಹೇಳಿದರೆ ಆಗುತ್ತಾ? ನನಗೆ ಹಾಡಲು ಬರುವುದಿಲ್ಲ.
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಸಿನಿಮಾ ಡೈಲಾಗ್ ಬೇಡ ಮಗಳೇ. ನೀನು ಹೇಳಿದರೂ ಅವರಿಗೆ ಆ ಸಿನಿಮಾದ ನಟನೇ ಕೇಳಿಸುತ್ತಾನೆ, ನೀನು ಕೇಳಿಸುವುದಿಲ್ಲ. ಒಂದು ಕನ್ನಡ ನಾಟಕದಿಂದ ಎರಡು ಮೂರು ನಿಮಿಷದ ಮಾತು ಕಲಿ. ನಿನ್ನ ವಯಸ್ಸಿಗೆ ಹತ್ತಿರದ ಪಾತ್ರ ಇರಲಿ. ಪೂರ್ತಿ ನಾಟಕ ಓದಿರಬೇಕು, ಏಕೆಂದರೆ ‘ಈ ಮಾತಿಗೆ ಮುಂಚೆ ಏನಾಗಿತ್ತು’ ಎಂದು ಕೇಳಿಯೇ ಕೇಳುತ್ತಾರೆ. ಅಲ್ಲೇ ಎಷ್ಟೋ ಮಕ್ಕಳು ಸಿಕ್ಕಿಬೀಳುತ್ತಾರೆ. ಅದರ ಜೊತೆಗೆ ಒಂದು ವಚನ ಅಥವಾ ಕವಿತೆ ಬಾಯಿಪಾಠ ಇರಲಿ.

ಹಾಡು ಬರುವುದಿಲ್ಲ ಅಂದುಕೊಳ್ಳಬೇಡ. ಅವರು ನೋಡುವುದು ಸಂಗೀತ ಕಲಿತಿದ್ದೀಯಾ ಅಂತಲ್ಲ, ಕೊಟ್ಟ ಶ್ರುತಿಗೆ ಕಿವಿ ಕೊಡುತ್ತೀಯಾ ಅಂತ. ನಿಮ್ಮ ಅಜ್ಜಿ ಹೇಳುವ ಸೋಬಾನೆ ಪದ, ಬೀಸುವ ಪದ ಒಂದನ್ನು ಕೂತು ಕಲಿ. ಕಾಪಿ ಮಾಡಿದ ಸಿನಿಮಾ ಹಾಡಿಗಿಂತ ಅದಕ್ಕೆ ಬೆಲೆ ಜಾಸ್ತಿ.

ನಿನ್ನ ಮಾತು ಮುಗಿದ ಮೇಲೆ ಅವರು ಅದನ್ನೇ ಬೇರೆ ಥರ ಮಾಡು ಅನ್ನುತ್ತಾರೆ. ಕೋಪದ ಮಾತನ್ನು ಪಿಸುಗುಡು, ಅಳುವ ಮಾತನ್ನು ಬಟ್ಟೆ ಮಡಚುತ್ತಾ ಹೇಳು, ಹೀಗೆ. ತಪ್ಪು ಮಾಡಿದ್ದಕ್ಕೆ ಹೇಳುತ್ತಿದ್ದಾರೆ ಅಂದುಕೊಂಡು ಕುಗ್ಗಬೇಡ. ನಿನಗೆ ಹೇಳಿಕೊಟ್ಟರೆ ಹತ್ತುತ್ತದಾ ಎಂದು ನೋಡುತ್ತಿದ್ದಾರೆ. ಮನೆಯಲ್ಲಿ ಈಗಿನಿಂದಲೇ ಅಭ್ಯಾಸ ಮಾಡು. ನಿನ್ನ ಮಾತನ್ನು ತರಕಾರಿ ಹೆಚ್ಚುತ್ತಾ ಹೇಳು, ನೀರು ಸೇದುತ್ತಾ ಹೇಳು, ಮಲಗಿಕೊಂಡು ಹೇಳು. ಕನ್ನಡಿ ಮುಂದೆ ಬೇಡ. ಕನ್ನಡಿ ನೋಡುತ್ತಾ ಕಲಿತವರು ಎದುರಿನವರ ಕಣ್ಣು ನೋಡುವುದಿಲ್ಲ.

‘ಇತ್ತೀಚೆಗೆ ಯಾವ ನಾಟಕ ನೋಡಿದೆ’ ಎಂಬ ಪ್ರಶ್ನೆ ಬರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಎಷ್ಟು ಹೊತ್ತು? ಅಲ್ಲಿಯ ರಂಗಮಂದಿರಗಳಾದ ರಂಗಶಂಕರ, ರವೀಂದ್ರ ಕಲಾಕ್ಷೇತ್ರ ಎರಡೂ ಕಡೆ ಒಂದೊಂದು ನಾಟಕವಾದರೂ ನೋಡಿಕೊಂಡು ಹೋಗು. ರಂಗಶಂಕರಕ್ಕೆ ಹೋಗುವುದಾದರೆ ಸಮಯಕ್ಕೆ ಮೊದಲೇ ತಲುಪು, ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಇಷ್ಟ ಆಗದಿದ್ದರೆ ಇಷ್ಟ ಆಗಲಿಲ್ಲ ಎಂದೇ ಸಂದರ್ಶನದಲ್ಲಿ ಹೇಳು, ಯಾಕೆ ಅನ್ನುವುದನ್ನೂ ಹೇಳು.

ಅವತ್ತು ಹೊಟ್ಟೆ ಬಿರಿಯುವಂತೆ ತಿನ್ನಬೇಡ, ಎರಡು ಇಡ್ಲಿ ಸಾಕು. ಮೈಗೆ ಅಂಟಿಕೊಳ್ಳದ, ಕೂತು ಎದ್ದರೆ ಎಳೆಯದ ಹತ್ತಿ ಬಟ್ಟೆ ಹಾಕಿಕೋ. ಬಳೆ, ಸರ, ಗಡಿಯಾರ ಬಿಚ್ಚಿ ಬ್ಯಾಗಿನಲ್ಲಿಡು. ಕೂದಲು ಹಿಂದಕ್ಕೆ ಕಟ್ಟು, ಮುಖ ಕಾಣಲಿ. ಒಂದು ಬಾಟಲಿ ಬೆಚ್ಚಗಿನ ನೀರು ಇರಲಿ. ಹೊರಗೆ ಕಾಯುವಾಗ ಪಕ್ಕದಲ್ಲಿ ಕೂತ ಹುಡುಗಿಯ ಹೆಸರು, ಊರು ಕೇಳು. ಇಬ್ಬರಿಗೂ ಸೀಟು ಸಿಕ್ಕಿದರೆ ಒಂದು ವರ್ಷ ಒಂದೇ ಕೋಣೆಯಲ್ಲಿ ಇರುವವರು ನೀವೇ.